ಎರಡು ಅವಾಹಕಗಳ ನಡುವೆ ವಿದ್ಯುತ್ ಎಲ್ಲಿಂದ ಬಂತು: ಆಕ್ಸೈಡ್ ತೆಳುಪದರಗಳ ಹಿನ್ನೆಲೆ

ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊಡಗಿನ ಐನ್‌ಮನೆಗಳಲ್ಲಿ, ಅಂದರೆ ಕುಲದ ಮೂಲಮನೆಗಳಲ್ಲಿ, ಆಯುಧಪೂಜೆಯ ಹಬ್ಬವಾದ ಕೈಲ್ ಪೋಳ್ದ್ ಆಚರಿಸುವಾಗ, ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜೆಗಿಡುವ ಕೋವಿಗಳಲ್ಲಿ ಅನೇಕವುಗಳ ನಳಿಗೆ ನೀಲಿ ಬೆರೆತ ಕಪ್ಪಾಗಿ ಹೊಳೆಯುತ್ತದೆ. ಅದು ಮೇಲಿಂದ ಬಳಿದ ಬಣ್ಣವಲ್ಲ. ಉಕ್ಕಿನ ಮೈಯನ್ನೇ ರಾಸಾಯನಿಕ ದ್ರಾವಣದಲ್ಲಿ ಬಿಸಿ ಮಾಡಿ, ಅದರ ಹೊರಭಾಗವನ್ನು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ತೆಳುಪದರವಾಗಿ ಮಾರ್ಪಡಿಸಿದ್ದರ ಫಲ. ಪ್ರಕೃತಿಯಲ್ಲಿ ಸೂಜಿಗಲ್ಲಾಗಿ ಸಿಗುವುದೂ ಇದೇ ಮ್ಯಾಗ್ನೆಟೈಟ್. ಅದು ಕಾಂತವೂ ಹೌದು, ವಿದ್ಯುತ್ತನ್ನು ಹರಿಸಬಲ್ಲದ್ದೂ ಹೌದು; ಸುಮಾರು 120 ಕೆಲ್ವಿನ್‌ಗೆ (ಸೊನ್ನೆಗಿಂತ ಸುಮಾರು 153 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ) ತಣಿಸಿದರೆ ಅದರ ರೋಧ ಒಮ್ಮೆಲೇ ನೂರು ಪಟ್ಟಿನಷ್ಟು ಏರುತ್ತದೆಂದು ಡಚ್ ವಿಜ್ಞಾನಿ ಫರ್ವೇ 1939ರಲ್ಲಿ ತೋರಿಸಿದರು. ತುಕ್ಕು ಹಿಡಿಯದಿರಲೆಂದು ಮಾಡಿಕೊಂಡ ಒಂದು ಪೊರೆಯಲ್ಲಿ ಬೆಳಕು, ಕಾಂತತ್ವ, ವಿದ್ಯುತ್ ಮೂರರ ಗುಣಗಳೂ ಒಟ್ಟಿಗೆ ನೆಲೆಸಿವೆ.

ಇವುಗಳಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಬೆಳಕಿನ ಗುಣ. ಉಜ್ಜಿ ಹೊಳಪು ಮಾಡಿದ ಉಕ್ಕನ್ನು ಹದಗೊಳಿಸಲು ಕಾಯಿಸಿದಾಗ ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಹಳದಿಯೂ 300 ಡಿಗ್ರಿಯ ಹತ್ತಿರ ನೀಲಿಯೂ ಮೂಡುವುದನ್ನು ಕತ್ತಿ ಮಾಡುವವರು ತಲೆಮಾರುಗಳಿಂದ ಬಲ್ಲರು. ಪೀಚೆಕತ್ತಿಯ ಅಲಗೇ ಇರಲಿ, ಗಡಿಯಾರದ ಸ್ಪ್ರಿಂಗೇ ಇರಲಿ, ಇದು ಒಂದೇ. ರಾಬರ್ಟ್ ಹುಕ್ 1665ರಲ್ಲಿ ಈ ಬಣ್ಣಗಳನ್ನು ಬರೆದಿಟ್ಟರು. ಆಕ್ಸೈಡ್ ಪದರದ ಮೇಲಿನಿಂದ ಮರಳುವ ಬೆಳಕು ಮತ್ತು ಅದರ ತಳದಿಂದ ಮರಳುವ ಬೆಳಕು ಒಂದನ್ನೊಂದು ಕೂಡಿ ಇಲ್ಲವೇ ಕಳೆದು, ಪದರದ ದಪ್ಪಕ್ಕೆ ತಕ್ಕ ಬಣ್ಣವನ್ನು ಉಳಿಸುತ್ತವೆ ಎಂಬ ವಿವರಣೆ ಅಲೆ ಸಿದ್ಧಾಂತ ನೆಲೆಗೊಂಡ ಮೇಲೆ ಬಂತು. ವಸ್ತು ಅದೇ ಆಗಿದ್ದರೂ ದಪ್ಪ ಬದಲಾದರೆ ಗುಣ ಬದಲಾಗುತ್ತದೆ ಎಂಬ ತಿಳಿವಳಿಕೆ ಇಲ್ಲಿಂದಲೇ ಶುರುವಾಗುತ್ತದೆ.

ಪಾರದರ್ಶಕವಾಗಿದ್ದೂ ವಿದ್ಯುತ್ ಹರಿಸುವ ಪದರವನ್ನು 1907ರಲ್ಲಿ ಜರ್ಮನಿಯ ಕಾರ್ಲ್ ಬೇಡೆಕರ್ ಕ್ಯಾಡ್ಮಿಯಂ ಲೋಹದ ಪದರವನ್ನು ಗಾಳಿಯಲ್ಲಿ ಕಾಯಿಸಿ ಪಡೆದರು. ಇಂದು ಮೊಬೈಲ್ ಪರದೆಯ ಮೇಲೆ ಬೆರಳಿಟ್ಟಾಗ ಆ ಸ್ಪರ್ಶವನ್ನು ಗುರುತಿಸುವ, ತವರ ಬೆರೆಸಿದ ಇಂಡಿಯಂ ಆಕ್ಸೈಡಿನ ಪದರ ಆ ವಂಶದ್ದೇ.

ವಿದ್ಯುನ್ಮಾನ ಯುಗವನ್ನು ಕಟ್ಟಿದ್ದು ಮಾತ್ರ ಸಿಲಿಕಾನಿನ ಮೇಲಿನ ಆಕ್ಸೈಡ್. ಸಿಲಿಕಾನನ್ನು ಕಾಯಿಸಿದಾಗ ಅದರ ಮೇಲೆ ಬೆಳೆಯುವ ಗಾಜಿನಂಥ ಪದರ ಅದನ್ನು ಕಾಪಾಡುತ್ತದೆ ಎಂದು ಬೆಲ್ ಪ್ರಯೋಗಾಲಯದ ಫ್ರಾಶ್ ಮತ್ತು ಡೆರಿಕ್ 1957ರಲ್ಲಿ ಪ್ರಕಟಿಸಿದರು. ಅಲ್ಲಿಯೇ ಮಹಮದ್ ಅಟಲ್ಲಾ ಮತ್ತು ದಾವೊನ್ ಕಾಂಗ್ ಆ ಪದರವನ್ನು ನಡುವೆ ಇರಿಸಿ, ಮೇಲಿನಿಂದ ವೋಲ್ಟೇಜ್ ಕೊಟ್ಟು ಕೆಳಗಿನ ಸಿಲಿಕಾನಿನಲ್ಲಿ ವಿದ್ಯುತ್ ಹರಿವನ್ನು ತೆರೆದು ಮುಚ್ಚುವ ಟ್ರಾನ್ಸಿಸ್ಟರನ್ನು ರೂಪಿಸಿದರು. ಜರ್ಮೇನಿಯಂ ಹಿಂದೆ ಬಿದ್ದು ಸಿಲಿಕಾನ್ ಗೆಲ್ಲಲು ಸಿಲಿಕಾನಿನ ಸ್ವಂತ ಗುಣಕ್ಕಿಂತ ಅದು ತನ್ನ ಆಕ್ಸೈಡಿನೊಡನೆ ಕೂಡುವ ಗಡಿಯ ಶುಚಿತ್ವವೇ ದೊಡ್ಡ ಕಾರಣ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಪದರವನ್ನು ತೆಳುವಾಗಿಸುತ್ತಾ ಹೋದಂತೆ, ಸುಮಾರು 1.2 ನ್ಯಾನೊಮೀಟರ್ ಮುಟ್ಟುವ ಹೊತ್ತಿಗೆ, ಎಲೆಕ್ಟ್ರಾನ್‌ಗಳು ಅದನ್ನು ಹಾದು ಸೋರತೊಡಗಿದವು. 2007ರಲ್ಲಿ ಇಂಟೆಲ್ ಹಾಫ್ನಿಯಂ ಆಧಾರಿತ ಆಕ್ಸೈಡಿಗೆ ಬದಲಾಯಿಸಿಕೊಂಡಿತು.

ಕಾಂತತ್ವದ ಕಡೆಯೂ ಗಡಿಯೇ ಮುಖ್ಯವಾಯಿತು. 1956ರಲ್ಲಿ ಮೈಕಲ್‌ಜಾನ್ ಮತ್ತು ಬೀನ್, ಮೇಲ್ಮೈ ಆಕ್ಸೈಡಾಗಿದ್ದ ಕೋಬಾಲ್ಟ್ ಕಣಗಳನ್ನು ಕಾಂತಕ್ಷೇತ್ರದಲ್ಲಿ ತಣಿಸಿದಾಗ ಒಳಗಿನ ಲೋಹದ ಕಾಂತ ದಿಕ್ಕು ಒಂದೇ ಕಡೆಗೆ ಬಿಗಿದುಕೊಂಡಂತೆ ವರ್ತಿಸುವುದನ್ನು ಕಂಡರು. ಆ ಆಕ್ಸೈಡು ಹೊರಗೆ ಕಾಂತವೆಂದು ತೋರುವುದೇ ಇಲ್ಲ, ಆದರೂ ತನ್ನ ನೆರೆಯ ಲೋಹವನ್ನು ಹಿಡಿದಿಡುತ್ತದೆ. ಮದ್ರಾಸ್ ಐಐಟಿಯಲ್ಲಿ ಡಾಕ್ಟರೇಟ್ ಪಡೆದು ಅಮೆರಿಕದ ಎಂಐಟಿಯಲ್ಲಿ ದುಡಿದ ಜಗದೀಶ್ ಮೂಡೇರ ಅವರ ತಂಡ 1995ರಲ್ಲಿ ಎರಡು ಕಾಂತ ಲೋಹಗಳ ನಡುವೆ ಅಲ್ಯೂಮಿನಿಯಂ ಆಕ್ಸೈಡಿನ ಪದರವನ್ನಿಟ್ಟು, ಲೋಹಗಳ ಕಾಂತ ದಿಕ್ಕು ಬದಲಾದಂತೆ ರೋಧವು ಕೋಣೆಯ ಉಷ್ಣತೆಯಲ್ಲಿಯೇ ಶೇ. 11.8ರಷ್ಟು ಬದಲಾಗುವುದನ್ನು ತೋರಿಸಿತು. 2004ರಲ್ಲಿ ಮೆಗ್ನೀಷಿಯಂ ಆಕ್ಸೈಡನ್ನು ಹರಳಿನ ಕ್ರಮದಲ್ಲಿಯೇ ಬೆಳೆಸಿದಾಗ ಆ ಬದಲಾವಣೆ ಶೇ. 200ರ ಆಸುಪಾಸಿಗೆ ಜಿಗಿಯಿತು. ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಓದುವ ಸೂಕ್ಷ್ಮ ಭಾಗಗಳು ಈ ಪದರವನ್ನೇ ನೆಚ್ಚಿಕೊಂಡವು.

ಇಷ್ಟಾದರೂ ಇಲ್ಲೆಲ್ಲ ಆಕ್ಸೈಡಿನ ಕೆಲಸ ತಡೆಯಾಗಿರುವುದು ಇಲ್ಲವೇ ಹೊದಿಕೆಯಾಗಿರುವುದು. ಆಕ್ಸೈಡೇ ನಾಯಕನಾಗುವ ಕಾಲ 1986ರಲ್ಲಿ ಬಂತು. ಬೆಡ್ನಾರ್ಜ್ ಮತ್ತು ಮುಲ್ಲರ್ ತಾಮ್ರದ ಆಕ್ಸೈಡಿನಲ್ಲಿ ಸುಮಾರು 30 ಕೆಲ್ವಿನ್‌ನಲ್ಲಿ ಅತಿವಾಹಕತೆಯನ್ನು, ಅಂದರೆ ರೋಧವೇ ಇಲ್ಲದೆ ವಿದ್ಯುತ್ ಹರಿಯುವ ಗುಣವನ್ನು, ಕಂಡು ಮರುವರ್ಷವೇ ನೊಬೆಲ್ ಪಡೆದರು. ಅದೇ ಕುಲದ ಲ್ಯಾಂಥನಮ್ ತಾಮ್ರದ ಆಕ್ಸೈಡನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಅವರ ಬಳಗ ಅದಕ್ಕೂ ಮುಂಚೆಯೇ ಅಭ್ಯಸಿಸಿತ್ತು ಎಂಬುದನ್ನು ಕನ್ನಡಿಗರು ನೆನಪಿಡಬೇಕು. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲಿನ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುವವರಿಗೆ ಈ ವಿಷಯದ ಮುಂಚೂಣಿ ಒಂದು ಹಗಲಿನ ಬಸ್ ಪ್ರಯಾಣದಷ್ಟೇ ದೂರದಲ್ಲಿತ್ತು, ಈಗಲೂ ಇದೆ. 1987ರಲ್ಲಿ ಅಮೆರಿಕದ ಬೆಲ್‌ಕೋರ್ ಸಂಸ್ಥೆಯಲ್ಲಿ ಟಿ. ವೆಂಕಟೇಶನ್ ಮತ್ತು ಸಂಗಡಿಗರು ಲೇಸರ್ ಮಿಡಿತಗಳಿಂದ ಆಕ್ಸೈಡಿನ ಬಿಲ್ಲೆಯನ್ನು ಆವಿಯಾಗಿಸಿ, ಆ ಆವಿಯನ್ನು ಬಿಸಿಯಾದ ಹರಳಿನ ಮೇಲೆ ಪದರವಾಗಿ ಕೂರಿಸುವ ವಿಧಾನವನ್ನು ಅತಿವಾಹಕಗಳಿಗೆ ಬಳಸಿದರು. ಒಂದೊಂದು ಮಿಡಿತಕ್ಕೂ ಒಂದು ಪರಮಾಣು ಸಾಲಿನ ಸಣ್ಣ ಪಾಲು ಮಾತ್ರ ಕೂರುವುದರಿಂದ, ಪದರದ ದಪ್ಪವನ್ನು ಎಣಿಸಿ ಬೆಳೆಸುವುದು ಸಾಧ್ಯವಾಯಿತು. ಆದರೆ ಎಣಿಸಿ ಬೆಳೆಸಲು ತಳವೂ ಸಮತಟ್ಟಾಗಿರಬೇಕು. ತಳವಾಗಿ ಬಳಸುವ ಸ್ಟ್ರಾಂಶಿಯಂ ಟೈಟನೇಟ್ ಎಂಬ ಆಕ್ಸೈಡ್ ಹರಳನ್ನು ಆಮ್ಲದಿಂದ ತೊಳೆದು ಅದರ ಮೇಲ್ಮೈ ಪೂರ್ತಿಯಾಗಿ ಟೈಟಾನಿಯಂ ಸಾಲಿನಲ್ಲಿಯೇ ಕೊನೆಗೊಳ್ಳುವಂತೆ ಮಾಡುವ ಉಪಾಯವನ್ನು 1994ರಲ್ಲಿ ಜಪಾನಿನ ಕವಾಸಾಕಿ ಮತ್ತು ಸಂಗಡಿಗರು ಪ್ರಕಟಿಸಿದರು. ಬೆಳಕನ್ನು ಬಹುಮಟ್ಟಿಗೆ ವಜ್ರದಷ್ಟೇ ಬಾಗಿಸುವ ಈ ಹರಳನ್ನು 1950ರ ದಶಕದಲ್ಲಿ ವಜ್ರದ ಬದಲು ಒಡವೆಗಳಿಗೆ ಕೂರಿಸುತ್ತಿದ್ದರು.

ಈ ಸಿದ್ಧತೆಗಳೆಲ್ಲ ಕೂಡಿದ್ದು 2004ರಲ್ಲಿ. ಅಕಿರಾ ಓಟೊಮೊ ಮತ್ತು ಹೆರಾಲ್ಡ್ ಹ್ವಾಂಗ್ ಸ್ಟ್ರಾಂಶಿಯಂ ಟೈಟನೇಟಿನ ಮೇಲೆ ಲ್ಯಾಂಥನಮ್ ಅಲ್ಯೂಮಿನೇಟ್ ಪದರವನ್ನು ಬೆಳೆಸಿದರು. ಎರಡೂ ಪಾರದರ್ಶಕ, ಎರಡೂ ಒಳ್ಳೆಯ ಅವಾಹಕ. ಆದರೂ ಅವು ಕೂಡುವ ಗಡಿಯಲ್ಲಿ ಎಲೆಕ್ಟ್ರಾನ್‌ಗಳು ಲೋಹದಲ್ಲಿರುವಂತೆ ಸರಾಗವಾಗಿ ಓಡಾಡುತ್ತಿದ್ದವು. ಗಡಿಯಲ್ಲಿ ಟೈಟಾನಿಯಂ ಸಾಲಿನ ಬದಲು ಸ್ಟ್ರಾಂಶಿಯಂ ಸಾಲು ಇದ್ದರೆ ಮಾತ್ರ ಹರಿವೇ ಇಲ್ಲ. ಒಂದೇ ಒಂದು ಪರಮಾಣು ಸಾಲಿನ ಅದಲುಬದಲಿನಿಂದ ವಾಹಕ ಅವಾಹಕವಾಗುವ ಈ ಸಂಗತಿ, ಮುಂದಿನ ಹತ್ತು ವರ್ಷಗಳ ವಾದಕ್ಕೆ ಮೂಲವಾಯಿತು.

ಮೊದಲ ವಿವರಣೆ ವಿದ್ಯುದಂಶಗಳ ಲೆಕ್ಕದ್ದು. ಲ್ಯಾಂಥನಮ್ ಅಲ್ಯೂಮಿನೇಟಿನ ಪರಮಾಣು ಸಾಲುಗಳು ಒಂದು ಧನ, ಒಂದು ಋಣ ಎಂಬಂತೆ ಒಂದರ ಮೇಲೊಂದು ಕೂರುತ್ತವೆ. ಸ್ಟ್ರಾಂಶಿಯಂ ಟೈಟನೇಟಿನ ಸಾಲುಗಳಿಗೆ ಅಂಥ ವಿದ್ಯುದಂಶವಿಲ್ಲ. ಆದ್ದರಿಂದ ಮೇಲಿನ ಪದರ ಬೆಳೆದಂತೆಲ್ಲ ಅದರೊಳಗಿನ ವೋಲ್ಟೇಜ್ ಏರುತ್ತದೆ. ಗದ್ದೆಯ ಏರಿಯ ಹಿಂದೆ ತುಂಬುತ್ತಿದ್ದ ನೀರು ಒಂದು ಮಟ್ಟ ದಾಟಿದೊಡನೆ ಕೆಳಗಿನ ಗದ್ದೆಗೆ ಇಳಿಯುವಂತೆ, ಮೇಲ್ಮೈಯ ಎಲೆಕ್ಟ್ರಾನ್‌ಗಳು ಗಡಿಗೆ ಇಳಿಯುತ್ತವೆ. 2006ರಲ್ಲಿ ಜರ್ಮನಿಯ ತೀಲ್ ಮತ್ತು ಸಂಗಡಿಗರು ಈ ಮಟ್ಟವನ್ನು ನೇರವಾಗಿ ಅಳೆದರು. ಮೂರು ಘಟಕ ಕೋಶಗಳಷ್ಟು (ಹರಳಿನಲ್ಲಿ ಮತ್ತೆ ಮತ್ತೆ ಬರುವ ಅತಿ ಚಿಕ್ಕ ಪರಮಾಣು ಜೋಡಣೆಯೇ ಘಟಕ ಕೋಶ) ದಪ್ಪದ ಪದರದಡಿಯಲ್ಲಿ ಹರಿವಿಲ್ಲ, ನಾಲ್ಕಾದೊಡನೆ ಇದೆ. ನಾಲ್ಕು ಕೋಶಗಳೆಂದರೆ ಸುಮಾರು 1.5 ನ್ಯಾನೊಮೀಟರ್.

ಈ ವಿವರಣೆ ಅಂದವಾಗಿತ್ತು, ಆದರೆ ಲೆಕ್ಕ ಕೂಡಿಬರಲಿಲ್ಲ. ಸಿದ್ಧಾಂತದ ಪ್ರಕಾರ ಪ್ರತಿ ಕೋಶಕ್ಕೆ ಅರ್ಧ ಎಲೆಕ್ಟ್ರಾನ್ ಇಳಿಯಬೇಕು. ಚೆನ್ನಾಗಿ ಆಮ್ಲಜನಕ ಉಣಿಸಿದ ಮಾದರಿಗಳಲ್ಲಿ ಅಳೆದಾಗ ಸಿಕ್ಕಿದ್ದು ಅದರ ಹತ್ತರಲ್ಲೊಂದು ಪಾಲಿನಷ್ಟು. ಕಡಿಮೆ ಆಮ್ಲಜನಕದಲ್ಲಿ ಬೆಳೆಸಿದ ಮಾದರಿಗಳಲ್ಲಿಯೋ ಸಿದ್ಧಾಂತಕ್ಕಿಂತ ಬಹಳ ಹೆಚ್ಚು. 2007ರಲ್ಲಿ ಹಲವು ತಂಡಗಳು ಇದರ ಕಾರಣವನ್ನು ಬೇರೆಡೆ ತೋರಿಸಿದವು: ಪದರ ಬೆಳೆಯುವಾಗ ಕೆಳಗಿನ ಹರಳೇ ಆಮ್ಲಜನಕ ಕಳೆದುಕೊಳ್ಳುತ್ತದೆ, ಕಳೆದ ಒಂದೊಂದು ಆಮ್ಲಜನಕ ಪರಮಾಣುವೂ ಎರಡು ಎಲೆಕ್ಟ್ರಾನ್‌ಗಳನ್ನು ಬಿಟ್ಟುಹೋಗುತ್ತದೆ. ಹಾಗಾದರೆ ಎಲೆಕ್ಟ್ರಾನ್‌ಗಳು ಬಂದದ್ದು ಗಡಿಯ ಸ್ವಭಾವದಿಂದಲೋ, ಬೆಳೆಸುವಾಗ ಆದ ನಷ್ಟದಿಂದಲೋ? 2011ರಲ್ಲಿ ಹರಳಿನ ಕ್ರಮವೇ ಇಲ್ಲದ, ಅಂದರೆ ಧನ-ಋಣ ಸಾಲುಗಳೇ ಇಲ್ಲದ, ಅಲ್ಯೂಮಿನೇಟ್ ಪದರದಡಿಯಲ್ಲೂ ವಿದ್ಯುತ್ ಹರಿಯುತ್ತದೆಂದು ತಿಳಿದಾಗ, ನಷ್ಟದ ಪಕ್ಷದ ಕೈ ಮೇಲಾಯಿತು.

ಈ ಗಂಟನ್ನು ಬಹುಪಾಲು ಬಿಡಿಸಿದ್ದು 2013ರಲ್ಲಿ ಸಿಂಗಪುರದಲ್ಲಿ ವೆಂಕಟೇಶನ್ ಅವರೂ ಇದ್ದ ತಂಡ. ಎರಡೂ ಬಗೆಯ ಮಾದರಿಗಳನ್ನು ಆಮ್ಲಜನಕದಲ್ಲಿ ಕಾಯಿಸಿದಾಗ, ಕ್ರಮವಿಲ್ಲದ ಪದರದಡಿಯ ಹರಿವು ಪೂರ್ತಿ ನಿಂತಿತು. ಹರಳಾಗಿ ಬೆಳೆದ ಪದರದಡಿಯ ಹರಿವು ತಗ್ಗಿತೇ ಹೊರತು ಅಳಿಯಲಿಲ್ಲ. ಅಂದರೆ ಮೂಲಗಳು ಎರಡಿವೆ. ಯಾವ ಮಾದರಿಯಲ್ಲಿ ಯಾವುದು ಎಷ್ಟು ಎಂಬುದನ್ನು ಅದನ್ನು ಬೆಳೆಸಿದ ಒತ್ತಡ, ಉಷ್ಣತೆ, ಆಮೇಲಿನ ಉಪಚಾರಗಳು ನಿರ್ಧರಿಸುತ್ತವೆ. ಹೀಗಾಗಿ ಬೆಳೆಸಿದ ವಿವರಗಳಿಲ್ಲದೆ ಬರೀ ರೋಧದ ಅಳತೆಯನ್ನು ನಂಬಲಾಗದು.

ವಾದ ನಡೆಯುತ್ತಿರುವಾಗಲೇ ಗಡಿಯ ಬೇರೆ ಗುಣಗಳೂ ಬೆಳಕಿಗೆ ಬಂದವು. 2007ರಲ್ಲಿ ಸುಮಾರು 0.2 ಕೆಲ್ವಿನ್‌ನಲ್ಲಿ ಅತಿವಾಹಕತೆ ಕಂಡಿತು. ಅದೇ ವರ್ಷ ಕಾಂತತ್ವದ ಸೂಚನೆಗಳೂ ಸಿಕ್ಕವು. ಒಂದನ್ನೊಂದು ಸಹಿಸದ ಈ ಎರಡೂ ಒಂದೇ ಮಾದರಿಯಲ್ಲಿ ಇವೆಯೆಂದು 2011ರಲ್ಲಿ ಬೇರೆ ಬೇರೆ ತಂಡಗಳು ವರದಿ ಮಾಡಿದವು, ಕಾಂತತ್ವ ಅಲ್ಲಲ್ಲಿ ತೇಪೆಗಳಂತೆ ಹರಡಿರುವುದೂ ಕಂಡಿತು. ಆದರೆ ನ್ಯೂಟ್ರಾನ್ ಪ್ರಯೋಗಗಳಿಗೆ ಅದು ಸಿಕ್ಕಿದ್ದು ಅತ್ಯಲ್ಪ, ಇಲ್ಲವೇ ಇಲ್ಲವೆನ್ನುವಷ್ಟು. 2008ರ ಒಂದು ಪ್ರಯೋಗ ನನಗೆ ವಿಶೇಷವಾಗಿ ಪ್ರಿಯ. ಮೂರು ಕೋಶಗಳಷ್ಟು ದಪ್ಪದ, ಅಂದರೆ ಹೊಸ್ತಿಲ ಈಚೆಗಿನ ಪದರದ ಮೇಲೆ ಸೂಕ್ಷ್ಮದರ್ಶಕದ ಚೂಪಾದ ತುದಿಯಿಂದ ಧನ ವೋಲ್ಟೇಜ್ ಕೊಟ್ಟು ಗೆರೆ ಎಳೆದರೆ ಅದರಡಿಯಲ್ಲಿ ನ್ಯಾನೊಮೀಟರುಗಳಷ್ಟು ಅಗಲದ ತಂತಿ ಮೂಡುತ್ತದೆ, ಋಣ ವೋಲ್ಟೇಜಿನಿಂದ ಅಳಿಸಿಹೋಗುತ್ತದೆ. ಮೇಲ್ಮೈಯಲ್ಲಿ ಕೂತ ಗಾಳಿಯ ತೇವವೇ ಇದಕ್ಕೆ ನೆರವಾಗುತ್ತದೆಂದು ಆಮೇಲೆ ತಿಳಿಯಿತು. ಕೊಡಗಿನ ಮಳೆಗಾಲವನ್ನು ಬಲ್ಲವರಿಗೆ, ನೀರಿನ ಕಣಗಳು ಪದರದ ಆಚೆ ಬದಿಯಲ್ಲಿ ಕೂತೇ ಈಚೆ ಬದಿಯ ವಿದ್ಯುತ್ತನ್ನು ಬದಲಾಯಿಸುತ್ತವೆ ಎಂಬುದನ್ನು ನಂಬಿಸಲು ಹೆಚ್ಚು ಶ್ರಮ ಬೇಡ.

2019ರಲ್ಲಿ ಹ್ವಾಂಗ್ ಅವರ ತಂಡ ನಿಕ್ಕಲ್ ಆಕ್ಸೈಡಿನ ತೆಳುಪದರದಲ್ಲಿ 9ರಿಂದ 15 ಕೆಲ್ವಿನ್ ನಡುವೆ ಅತಿವಾಹಕತೆಯನ್ನು ಕಂಡಾಗ, ಅದೇ ವಸ್ತುವನ್ನು ಗಟ್ಟಿಯಾಗಿ ತಯಾರಿಸಿದ ಮೊದಲ ಯತ್ನಗಳಲ್ಲಿ ಆ ಗುಣ ಕಾಣಲಿಲ್ಲ. ಇದು ತಳದ ಹರಳಿನ ಪಾತ್ರವೋ, ಆಮ್ಲಜನಕದ ಲೆಕ್ಕವೋ ಎಂಬ ಪ್ರಶ್ನೆ ಮತ್ತೆ ಎದ್ದಿತು. 2021ರಲ್ಲಿ ಪೊಟ್ಯಾಸಿಯಂ ಟ್ಯಾಂಟಲೇಟ್ ಹರಳಿನ ಗಡಿಯಲ್ಲಿ ಸುಮಾರು 2 ಕೆಲ್ವಿನ್‌ನಲ್ಲಿಯೇ ಅತಿವಾಹಕತೆ ವರದಿಯಾಯಿತು, ಅದೂ ಹರಳನ್ನು ಅದರ ಮೂಲೆಗಳ ನೇರಕ್ಕೆ ಅಡ್ಡಲಾಗಿ ಕೊಯ್ದ ಮೇಲ್ಮೈಯಲ್ಲಿ. ಚೌಕ ಮುಖದ ಮೇಲೆ ಅದೇ ಉಷ್ಣತೆಯಲ್ಲಿ ಅದು ಸಿಗಲಿಲ್ಲ. ಕೊಯ್ದ ಕೋನಕ್ಕೂ ಅತಿವಾಹಕತೆಗೂ ಇರುವ ಈ ನಂಟಿನ ಕಾರಣದ ಬಗ್ಗೆ ಭಿನ್ನ ಸಿದ್ಧಾಂತಗಳು ಪೈಪೋಟಿಯಲ್ಲಿವೆ, ಮತ್ತು ಅವನ್ನು ಒರೆಗೆ ಹಚ್ಚುವ ಮಾದರಿಗಳಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬುದನ್ನು ಈಗಲೂ ಪ್ರತಿ ಸಲ ಬೇರೆಯಾಗಿ ಅಳೆಯಬೇಕಾಗಿದೆ.