ಪೊರೆ ಹಣ್ಣಾಗಲಿ ಎಂದು ಕಾಯುವಾಗ

ಹಾಸನ ಸೀಮೆಯ ಮನೆಗಳಲ್ಲಿ ವಯಸ್ಸಾದವರ ಬಗ್ಗೆ ಎರಡು ಮಾತು ಬೇರೆಬೇರೆಯಾಗಿಯೇ ಓಡಾಡುತ್ತವೆ. ‘ಪೊರೆ ಇನ್ನೂ ಹಣ್ಣಾಗಿಲ್ಲ, ಆಮೇಲೆ ತೆಗೆಸೋಣ’ ಎಂಬುದು ಒಂದು. ‘ಅರವತ್ತಕ್ಕೆ ಅರಳುಮರಳು’ ಇನ್ನೊಂದು. ಇವೆರಡಕ್ಕೂ ನಂಟಿದೆ ಎಂಬ ಸುದ್ದಿ ಮೊಬೈಲಿಗೆ ಬರತೊಡಗಿದ ಮೇಲೆ ಗೊಂದಲ ಹೆಚ್ಚಿದೆ.

ಕಣ್ಣಿನ ಹಿಂಬದಿಯ ಪರದೆ, ಅಂದರೆ ಅಕ್ಷಿಪಟಲ (ರೆಟಿನಾ), ಮಿದುಳಿನದೇ ಕವಲು. ಭ್ರೂಣದಲ್ಲಿ ಮುಂಮಿದುಳಿನಿಂದಲೇ ಚಾಚಿಕೊಳ್ಳುತ್ತದೆ. ಮರೆವಿನ ಕಾಯಿಲೆಯನ್ನು ಜರ್ಮನಿಯ ವೈದ್ಯ ಅಲ್ಜೈಮರ್ ವಿವರಿಸಿದ್ದು 1906ರಲ್ಲಿ. ಅಂಥ ರೋಗಿಗಳ ದೃಷ್ಟಿನರವೂ ಸವೆದಿರುತ್ತದೆ ಎಂದು ಅಮೆರಿಕದ ಸಂಶೋಧಕರು ತೋರಿಸಿದ್ದು 1986ರಲ್ಲಿ. ಆ ರೋಗಿಗಳ ಮಿದುಳಿನಲ್ಲಿ ಶೇಖರವಾಗುವ ಬೀಟಾ ಅಮೈಲಾಯ್ಡ್ ಎಂಬ ಪ್ರೋಟೀನ್ ಆಮೇಲೆ ಮುಪ್ಪಿನ ಅಕ್ಷಿಪಟಲ ಸವೆತದ ಹಳದಿ ಚುಕ್ಕೆಗಳಲ್ಲೂ ಸಿಕ್ಕಿತು. ಅಲ್ಜೈಮರ್ ರೋಗಿಗಳ ಅಕ್ಷಿಪಟಲದಲ್ಲಿ ಅದನ್ನು ಗುರುತಿಸಲು ನೆರವಾದದ್ದು ನಮ್ಮ ಅರಿಶಿನದ ಕರ್ಕ್ಯುಮಿನ್. ಹಾಗೆಂದು ಎರಡೂ ಒಂದೇ ರೋಗವಲ್ಲ: ಅಪೋಇ ವಂಶವಾಹಿಯ ನಾಲ್ಕನೇ ರೂಪ ಅಲ್ಜೈಮರ್ ಅಪಾಯವನ್ನು ಏರಿಸಿದರೆ, ಅಕ್ಷಿಪಟಲ ಸವೆತದ ಅಪಾಯವನ್ನು ಇಳಿಸುತ್ತದೆ.

ನಮ್ಮೂರುಗಳಿಗೆ ಹತ್ತಿರದ್ದು ಪೊರೆಯ ಕಥೆ. ಕಣ್ಣಿನ ವೈದ್ಯ ಡಾ. ಎಂ.ಸಿ. ಮೋದಿಯವರು ರಾಜ್ಯದುದ್ದಕ್ಕೂ ಶಿಬಿರ ನಡೆಸುತ್ತಿದ್ದ ಕಾಲದಲ್ಲಿ ಮಸೂರವನ್ನು ಇಡಿಯಾಗಿ ತೆಗೆದು ಸೋಡಾಬುಡ್ಡಿ ಕನ್ನಡಕ ಹಾಕಿಸುವುದು ರೂಢಿ. ಆಗ ಪೊರೆ ಹಣ್ಣಾಗುವ ತನಕ ಕಾಯುವುದರಲ್ಲಿ ಅರ್ಥವಿತ್ತು. ಈಗ ಶಬ್ದತರಂಗದಿಂದ ಪೊರೆ ಒಡೆದು, ಒಳಗೇ ಮಸೂರ ಕೂರಿಸುತ್ತಾರೆ. ಗಟ್ಟಿಯಾದಷ್ಟೂ ಒಡೆಯುವುದು ಕಷ್ಟ. ಚಿಕಿತ್ಸೆ ಬದಲಾಯಿತು, ಮಾತು ಬದಲಾಗಲಿಲ್ಲ.

ಆಲೂರು ಕಡೆಯ ನಮ್ಮಜ್ಜಿ ಮೊಮ್ಮಗನನ್ನು ಅವನಪ್ಪನ ಹೆಸರಿಂದ ಕರೆಯತೊಡಗಿದಾಗ ಅರಳುಮರಳು ಎಂದೇ ತೀರ್ಮಾನಿಸಿದ್ದೆವು. ಜಗಲಿಯಲ್ಲಿ ಕೂತು ಅಕ್ಕಿ ಆರಿಸುವುದನ್ನೂ ಬಿಟ್ಟಿದ್ದರು. ಆಪರೇಷನ್ ಆಗಿ ತಿಂಗಳೊಳಗೆ, ‘ಮೊರ ಕೊಡ್ರೇ, ಅನ್ನದಲ್ಲಿ ಕಲ್ಲು ಸಿಗ್ತದೆ’ ಎಂದರು. ಅವರ ಮರೆವಿನಲ್ಲಿ ಕಣ್ಣಿನ ಪಾಲೆಷ್ಟಿತ್ತೆಂದು ನಾವು ಕೇಳಿಯೇ ಇರಲಿಲ್ಲ. ಮರೆವಿನ ಪರೀಕ್ಷೆಯಲ್ಲೂ ಸಾಲು ಓದಿಸುತ್ತಾರೆ, ಚಿತ್ರ ನಕಲು ಮಾಡಿಸುತ್ತಾರೆ. ಮಬ್ಬುಗಣ್ಣಿನವರು ಅಲ್ಲೇ ಅಂಕ ಕಳೆದುಕೊಳ್ಳುತ್ತಾರೆ.

ಪೊರೆ ಅಥವಾ ಗ್ಲಾಕೋಮಾ (ದೃಷ್ಟಿನರ ಸವೆಯುವ ಕಣ್ಣಿನ ಕಾಯಿಲೆ) ಇದ್ದ 3,038 ಹಿರಿಯರ ಮೇಲಿನ ಸಿಯಾಟಲ್ ಅಧ್ಯಯನ 2021ರ ಕೊನೆಗೆ ಪ್ರಕಟವಾಯಿತು. ಪೊರೆ ತೆಗೆಸಿಕೊಂಡವರಲ್ಲಿ ಮರೆವಿನ ಕಾಯಿಲೆಯ ಅಪಾಯ ಸುಮಾರು ಶೇ 30ರಷ್ಟು ಕಡಿಮೆ. ಗ್ಲಾಕೋಮಾ ಶಸ್ತ್ರಚಿಕಿತ್ಸೆಯಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಆರೋಗ್ಯ ಚೆನ್ನಾಗಿದ್ದವರೇ ಆಪರೇಷನ್ನಿಗೆ ಮುಂದಾಗಿರಬಹುದಾದ್ದರಿಂದ ಇದನ್ನೇ ಪುರಾವೆ ಎನ್ನಲಾಗದು. ಆದರೂ 2024ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ, ಮರೆವಿನ ಕಾಯಿಲೆಗೆ ದಾರಿಯಾಗುವ, ತಗ್ಗಿಸಬಹುದಾದ 14 ಅಪಾಯಗಳ ಪಟ್ಟಿಗೆ ಚಿಕಿತ್ಸೆ ಕಾಣದ ದೃಷ್ಟಿದೋಷವನ್ನೂ ಸೇರಿಸಿತು.

ಸಕಲೇಶಪುರದ ಕಡೆ ಇದೇ ದಿನಗಳಲ್ಲಿ ಕೇಳಿಬರುವ ಮಾತು ಬೇರೆ: ಕಾಫಿ ಕೊಯ್ಲು ಮುಗಿಯಲಿ, ಅಲ್ಲಿಯವರೆಗೆ ಅಜ್ಜನನ್ನು ಆಸ್ಪತ್ರೆಗೆ ಕರೆದೊಯ್ಯಲು ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ.