ಹರಿಯುವುದು ಗಾಜಲ್ಲ, ಸೀಸ

ಗಾಜು ನಿಜವಾಗಿ ಗಟ್ಟಿ ವಸ್ತುವೇ ಅಲ್ಲವಂತೆ. ಅದು ತೀರಾ ನಿಧಾನವಾಗಿ ಹರಿಯುವ ದ್ರವವಂತೆ. ಅದಕ್ಕೇ ಹಳೇ ಕಾಲದ ಕಿಟಕಿಗಳ ಗಾಜು ಕೆಳಗಡೆ ದಪ್ಪಗಿರುತ್ತದಂತೆ. ಈ ಮಾತನ್ನು ಮೇಷ್ಟ್ರುಗಳೂ ಹೇಳುತ್ತಾರೆ, ವಾಟ್ಸಾಪಿನಲ್ಲೂ ಓಡಾಡುತ್ತದೆ. ಇದು ಶುದ್ಧ ತಪ್ಪು. ಯಾಕೆ ಅಂತ ತಿಳಿಯಲು ಇಂಗ್ಲೆಂಡಿನ ಡಾರ್ಬಿಶೈರ್‌ನ ಹಾರ್ಡ್‌ವಿಕ್ ಹಾಲ್ ಎಂಬ ದೊಡ್ಡಮನೆಯನ್ನು ನೋಡಬೇಕು.

ಕಟ್ಟಿಸಿದವಳು ಶ್ರೂಸ್‌ಬರಿಯ ಕೌಂಟೆಸ್ ಎಲಿಜಬೆತ್. ಜನ ಕರೆಯುವುದು ಬೆಸ್ ಆಫ್ ಹಾರ್ಡ್‌ವಿಕ್ ಅಂತ. ನಾಲ್ಕನೆಯ ಗಂಡ ತೀರಿಕೊಂಡ 1590ರಲ್ಲೇ ಕೆಲಸ ಶುರುವಾಯಿತು. 1597ರಲ್ಲಿ ಆಕೆ ವಾಸಕ್ಕೆ ಬಂದಾಗ ವಯಸ್ಸು ಎಪ್ಪತ್ತರ ಆಸುಪಾಸು. ನಕ್ಷೆ ರಾಬರ್ಟ್ ಸ್ಮಿತ್‌ಸನ್‌ದು ಎಂದು ಇತಿಹಾಸಕಾರರು ಹೇಳುತ್ತಾರೆ. ಆರು ಗೋಪುರ, ಪ್ರತಿಯೊಂದರ ನೆತ್ತಿಯ ಮೇಲೂ ಕಲ್ಲಿನಲ್ಲಿ ಕೆತ್ತಿದ 'ಇ ಎಸ್' ಅಕ್ಷರಗಳು. ಗಂಡನ ಹೆಸರಲ್ಲ, ತನ್ನದೇ ಹೆಸರು! ಆ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ.

'ಹಾರ್ಡ್‌ವಿಕ್ ಹಾಲ್, ಗೋಡೆಗಿಂತ ಗಾಜೇ ಜಾಸ್ತಿ' ಅಂತ ಅಲ್ಲಿ ಒಂದು ನಾಣ್ಣುಡಿಯೇ ಇದೆ. ಮಹಡಿ ಏರಿದ ಹಾಗೆ ಕಿಟಕಿಗಳೂ ಎತ್ತರವಾಗುತ್ತವೆ, ಯಾಕೆಂದರೆ ದರ್ಬಾರಿನ ಕೋಣೆಗಳು ಇರುವುದು ಮೇಲಿನ ಮಹಡಿಯಲ್ಲಿ. ಹೊರಗೋಡೆಯೆಲ್ಲ ಗಾಜಾದರೆ ಭಾರ ಹೊರುವವರು ಯಾರು? ಒಳಗಿನ ದಪ್ಪ ಗೋಡೆಗಳು. ಹೊಗೆ ಕೊಳವೆಗಳನ್ನೂ ಹೆಚ್ಚಾಗಿ ಅವುಗಳಲ್ಲೇ ಹುದುಗಿಸಿದ್ದಾರೆ. ಕೆಲವು ಕಿಟಕಿಗಳಂತೂ ಬರೀ ಸಾಲು ಸರಿ ಕಾಣಲಿ ಅಂತ ಇಟ್ಟವು. ಹೊರಗಿನಿಂದ ಗಾಜು, ಹಿಂದೆ ಗೋಡೆ.

ಗಾಜು ಆಗ ದುಬಾರಿ. ಬೆಸ್‌ಗೆ ಸ್ವಂತ ಗಾಜಿನ ಕುಲುಮೆಯೇ ಇತ್ತು. ಕಲ್ಲಿನ ಗಣಿ, ಸೀಸದ ವ್ಯವಹಾರ ಕೂಡ. ಮರಳಿಗೆ ಗಿಡಮರಗಳ ಬೂದಿ ಸೇರಿಸಿ ಕರಗಿಸುತ್ತಿದ್ದರು. ಆ ಕಾಲದಲ್ಲಿ ಹಲಗೆ ಮಾಡಲು ಎರಡು ದಾರಿ. ಕರಗಿದ ಗಾಜನ್ನು ಉದ್ದನೆಯ ಕೊಳವೆಯಾಗಿ ಊದಿ, ಸೀಳಿ, ಬಿಡಿಸಿ ಚಪ್ಪಟೆ ಮಾಡುವುದು ಒಂದು. ಗರಗರ ತಿರುಗಿಸಿ ಅಗಲವಾದ ಬಿಲ್ಲೆ ಮಾಡುವುದು ಇನ್ನೊಂದು. ಎರಡರಲ್ಲೂ ದಪ್ಪ ಒಂದೇ ಸಮ ಬರುವುದಿಲ್ಲ. ಅಂದರೆ ಏರುಪೇರು ಹುಟ್ಟಿದ ದಿನವೇ ಇತ್ತು, ಶತಮಾನಗಳು ಮಾಡಿದ್ದಲ್ಲ. ದಪ್ಪ ಅಂಚು ಮೇಲೋ ಪಕ್ಕಕ್ಕೋ ಇರುವ ಹಳೇ ಗಾಜುಗಳೂ ಸಿಗುತ್ತವೆ. ಅವು ಮೇಲಕ್ಕೆ ಹರಿದವೇ?

ವಿಜ್ಞಾನಿಗಳು ಲೆಕ್ಕವನ್ನೂ ಮಾಡಿ ನೋಡಿದ್ದಾರೆ. ಲಂಡನ್ನಿನ ಹಳೇ ಚರ್ಚು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಮಧ್ಯಯುಗದ ಗಾಜಿನಲ್ಲಿ ಏನೇನು ಎಷ್ಟೆಷ್ಟಿದೆಯೋ ಅದೇ ಪ್ರಮಾಣದಲ್ಲಿ ಗಾಜು ತಯಾರಿಸಿ, ಅದರ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ತಡೆ, ಅಳೆದರು. ಮಾಮೂಲಿ ತಾಪದಲ್ಲಿ ನೂರು ಕೋಟಿ ವರ್ಷ ಕಳೆದರೂ ಅದು ಹರಿಯುವುದು ಹೆಚ್ಚೆಂದರೆ ಒಂದು ನ್ಯಾನೋಮೀಟರ್. ಕೂದಲೆಳೆಯ ದಪ್ಪದಲ್ಲಿ ಹತ್ತಾರು ಸಾವಿರದಲ್ಲೊಂದು ಪಾಲು. ಹಾರ್ಡ್‌ವಿಕ್‌ಗೆ ಆಗಿರುವುದು ಬರೀ 400 ಚಿಲ್ಲರೆ ವರ್ಷ.

ನನಗೆ ಬಹಳ ಖುಷಿ ಕೊಡುವ ವಿಷಯ ಇನ್ನು ಬರುತ್ತದೆ. ಆ ಕಿಟಕಿಗಳಲ್ಲಿ ನಿಜಕ್ಕೂ ಹರಿಯುವ ವಸ್ತು ಒಂದಿದೆ. ಗಾಜಿನ ಚೂರುಗಳನ್ನು ಹಿಡಿದಿಟ್ಟ ಸೀಸದ ಪಟ್ಟಿ! ಮನೆಯ ಮಾಡಿಗೆ ಹೊದಿಸಿದ ತಗಡೂ ಸೀಸವೇ.

ಸೀಸ ಲೋಹ. ಅದರೊಳಗೆ ಪರಮಾಣುಗಳು ಸಾಲುಸಾಲಾಗಿ ಶಿಸ್ತಾಗಿ ಕೂತಿರುತ್ತವೆ. ಗಾಜಿನಲ್ಲಿ ಆ ಶಿಸ್ತು ಇಲ್ಲ. ಆದರೂ ಗಾಜು ಕದಲುವುದಿಲ್ಲ, ಸೀಸ ಕದಲುತ್ತದೆ. ಗುಟ್ಟು ಇರುವುದು ತಾಪದಲ್ಲಿ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇದಕ್ಕಿಂತ ತಣ್ಣಗಾಗಲು ಸಾಧ್ಯವೇ ಇಲ್ಲ ಅನ್ನುವ ತಾಪವನ್ನು ಸೊನ್ನೆಯಾಗಿಟ್ಟು ಎಣಿಸುವ ಕೆಲ್ವಿನ್ ಲೆಕ್ಕದಲ್ಲಿ ಸುಮಾರು 600. ನಾವು ಕೂತ ಕೋಣೆ ಸುಮಾರು 293 ಕೆಲ್ವಿನ್. ಅಂದರೆ ಸುಮ್ನೆ ಕಿಟಕಿಯಲ್ಲಿದ್ದರೂ ಸೀಸ ತನ್ನ ಕರಗುವ ತಾಪದ ಅರ್ಧ ದಾರಿಯಲ್ಲಿರುತ್ತದೆ. ಕಬ್ಬಿಣವಾದರೆ ಆರನೇ ಒಂದು ಭಾಗದಷ್ಟೂ ಬಂದಿರುವುದಿಲ್ಲ. ಅರ್ಧ ದಾರಿಗೆ ಬಂದ ಲೋಹದಲ್ಲಿ ಪರಮಾಣುಗಳು ಜಾಗ ಬದಲಿಸತೊಡಗುತ್ತವೆ. ತುಂಬಿದ ಬಸ್ಸಿನಲ್ಲಿ ಒಂದು ಸೀಟು ಖಾಲಿಯಾದರೆ ಪಕ್ಕದವರು ಸರಿದು ಕೂರುತ್ತಾರೆ, ಅವರ ಜಾಗಕ್ಕೆ ಇನ್ನೊಬ್ಬರು, ಕೊನೆಗೆ ಇಡೀ ಸಾಲೇ ಸರಿದಿರುತ್ತದೆ ಅಲ್ವಾ, ಹಾಗೆ. ಭಾರ ಸದಾ ಒಂದೇ ಕಡೆ ಎಳೆಯುತ್ತಿದ್ದರೆ ಈ ಸರಿದಾಟವೂ ಅದೇ ಕಡೆಗೆ ವಾಲುತ್ತದೆ. ಲೋಹ ಕರಗದೆಯೇ ಜಗ್ಗುತ್ತದೆ. ವಿಜ್ಞಾನಿಗಳು ಇದಕ್ಕೆ ಕ್ರೀಪ್ ಅನ್ನುತ್ತಾರೆ.

ಇಳಿಜಾರು ಮಾಡಿನ ಸೀಸದ ತಗಡು ವರ್ಷಗಟ್ಟಲೆ ಇಂಚಿಂಚೇ ಕೆಳಗೆ ಜಾರುತ್ತದೆ. ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ, ಸುಕ್ಕುಗಟ್ಟಿ, ಕೊನೆಗೆ ಸೀಳುತ್ತದೆ. ಅದಕ್ಕೇ ಪಳಗಿದ ಕೆಲಸಗಾರರು ದೊಡ್ಡ ತಗಡು ಹಾಸುವುದಿಲ್ಲ. ಸಣ್ಣಸಣ್ಣ ತುಂಡು ಹಾಸಿ, ಮೇಲಂಚನ್ನು ಮಾತ್ರ ಗಟ್ಟಿ ಹೊಡೆದು, ಹಿಗ್ಗಲು ಜಾಗ ಬಿಡುತ್ತಾರೆ. ಸೀಳಿದ ಸೀಸವನ್ನು ಕರಗಿಸಿ, ಮರಳು ಹಾಸಿನ ಮೇಲೆ ಎರೆದು, ಮತ್ತೆ ಅದೇ ಮಾಡಿಗೆ ಹೊದಿಸುವುದೂ ಉಂಟು.

ಸೀಸದ ಪಟ್ಟಿಯ ಕಿಟಕಿಗಳೂ ಕಾಲ ಕಳೆದಂತೆ ಹೊಟ್ಟೆ ಬಿಡುತ್ತವೆ. ಗಾಳಿಯ ಒತ್ತಡ, ಬಿಸಿಲು, ಸ್ವಂತ ಭಾರ ಎಲ್ಲ ಸೇರಿ ಪಟ್ಟಿ ಬಾಗುತ್ತದೆ, ಬೆಸುಗೆ ಬಿಡುತ್ತದೆ. ಆಗ ರಿಪೇರಿಯವರು ಇಡೀ ಕಿಟಕಿ ಇಳಿಸಿ ಮೇಜಿನ ಮೇಲೆ ಮಲಗಿಸುತ್ತಾರೆ. ಪ್ರತಿ ಚೂರಿನ ಜಾಗ ಗುರುತು ಹಾಕಿಕೊಂಡು ಬಿಚ್ಚುತ್ತಾರೆ. ಸೋತ ಸೀಸ ತೆಗೆದು ಹೊಸ ಪಟ್ಟಿ ಕೂರಿಸುತ್ತಾರೆ. ಗಾಜನ್ನು ಒರೆಸಿ, ಅದೇ ಹಳೇ ಚೂರುಗಳನ್ನು ಅದೇ ಜಾಗಕ್ಕೆ ಸೇರಿಸುತ್ತಾರೆ.