ಇಂದಿನ ರಷ್ಯನ್ ನಾಟಕಕ್ಕೆ ಸಮಾಜದಲ್ಲಿ ಏನು ಕೆಲಸ?

ಪ್ರಶ್ನೆ: ರಷ್ಯನ್ ನಾಟಕವೆಂದರೆ ನಮಗೆ ಗೊಗೊಲ್ ಮತ್ತು ಚೆಕಾಫ್. ಅಲ್ಲಿ ಈಗ ಬರೆಯುತ್ತಿರುವವರ ನಾಟಕಗಳಿಗೆ ಸಮಾಜದಲ್ಲಿ ಏನಾದರೂ ಪಾತ್ರವಿದೆಯೇ?

ಉತ್ತರ: ಖಂಡಿತ ಇದೆ. ಅಧಿಕಾರದಲ್ಲಿರುವವರು ಕೇಳಲು ಒಲ್ಲದ ಸಾಕ್ಷ್ಯವನ್ನು ಜನರ ಮುಂದಿಡುವ ಕೆಲಸವನ್ನು ಈ ಶತಮಾನದ ಆರಂಭದಿಂದ ಅಲ್ಲಿನ ಹಲವು ನಾಟಕಕಾರರು ಹೊತ್ತುಕೊಂಡಿದ್ದಾರೆ. ಎಲೆನಾ ಗ್ರೆಮಿನಾ, ಮಿಖಾಯಿಲ್ ಉಗಾರೊವ್ ಮತ್ತು ಅವರ ಗೆಳೆಯರು 2002ರಲ್ಲಿ ಮಾಸ್ಕೋದ ಒಂದು ನೆಲಮಾಳಿಗೆಯಲ್ಲಿ ಆರಂಭಿಸಿದ 'ತಿಯಾತರ್ ಡಾಕ್' ಎಂಬ ರಂಗತಂಡ ಇದರ ಮುಖ್ಯ ನೆಲೆಯಾಯಿತು. ಕೈದಿಗಳು, ವಲಸೆ ಕಾರ್ಮಿಕರು ಮುಂತಾದವರನ್ನು ಸಂದರ್ಶಿಸಿ, ಅವರ ಮಾತನ್ನು ತಡವರಿಕೆಯ ಸಮೇತ ರಂಗಕ್ಕೆ ತರುವುದು ಅವರ ಪದ್ಧತಿ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸರ್ಕಾರಿ ಅಧಿಕಾರಿಗಳ ದೊಡ್ಡ ತೆರಿಗೆ ವಂಚನೆಯನ್ನು ಬಯಲಿಗೆಳೆದಿದ್ದ ತೆರಿಗೆ ಸಲಹೆಗಾರ ಸೆರ್ಗೇಯ್ ಮ್ಯಾಗ್ನಿಟ್ಸ್ಕಿ 2009ರ ನವೆಂಬರ್‌ನಲ್ಲಿ ಮಾಸ್ಕೋದ ಸೆರೆಮನೆಯಲ್ಲಿ ತೀರಿಕೊಂಡರು. ಕರೆಸಿದ ವೈದ್ಯರನ್ನು ಒಳಗೆ ಬಿಡದೆ ಹೊರಗೇ ಕಾಯಿಸಿದ ಅವಧಿಯೇ 2010ರಲ್ಲಿ ಗ್ರೆಮಿನಾ ಬರೆದ ನಾಟಕದ ಹೆಸರಾಯಿತು: 'ಒಂದು ಗಂಟೆ ಹದಿನೆಂಟು'. ಮ್ಯಾಗ್ನಿಟ್ಸ್ಕಿ ಪ್ರತ್ಯಕ್ಷವಾಗಿ ಬರದ ಈ ನಾಟಕದಲ್ಲಿ ತನಿಖಾಧಿಕಾರಿ, ನ್ಯಾಯಾಧೀಶ, ವೈದ್ಯೆ ಒಬ್ಬೊಬ್ಬರಾಗಿ ಬಂದು ಪ್ರೇಕ್ಷಕರೆದುರು ನಿಲ್ಲುತ್ತಾರೆ. ನ್ಯಾಯಾಲಯದಲ್ಲಿ ಮ್ಯಾಗ್ನಿಟ್ಸ್ಕಿ ಕುಡಿಯಲು ಬಿಸಿನೀರು ಕೇಳಿದಾಗ ಸಿಗದೇ ಹೋದದ್ದೇ ಒಂದು ದೃಶ್ಯವಾಗಿದೆ. ಇಷ್ಟು ಸಣ್ಣ ವಿವರವನ್ನು ಹಿಡಿದು ಇಡೀ ವ್ಯವಸ್ಥೆಯ ನಿರ್ದಯತೆಯನ್ನು ತೋರಿಸಿರುವುದು ಆ ನಾಟಕದ ಹಿರಿಮೆ ಎಂದು ನಾನು ಭಾವಿಸುತ್ತೇನೆ.

ನಾಟಕ ನೋಡಿದವರ ಸಂಖ್ಯೆ ಚಿಕ್ಕದು, ನಿಜ. ಆದರೆ ಅಧಿಕಾರವು ಅದನ್ನು ಚಿಕ್ಕದೆಂದು ಎಣಿಸಲಿಲ್ಲ. 2014ರಲ್ಲಿ ಆ ತಂಡ ತನ್ನ ನೆಲಮಾಳಿಗೆಯನ್ನು ಕಳೆದುಕೊಂಡಿತು. 2018ರಲ್ಲಿ ಉಗಾರೊವ್ ಮತ್ತು ಗ್ರೆಮಿನಾ ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡರು.

ಅನಂತರದ ಪ್ರಕರಣ ಇನ್ನೂ ಕಠೋರವಾದದ್ದು. ಅಂತರ್ಜಾಲದಲ್ಲಿ ಪರಿಚಯವಾದ ಉಗ್ರರನ್ನು ನಂಬಿ, ಮದುವೆಯ ಆಸೆಯಿಂದ ಸಿರಿಯಾಕ್ಕೆ ಹೊರಟ ರಷ್ಯನ್ ಹೆಂಗಸರ ವಿಚಾರಣೆಯ ದಾಖಲೆಗಳನ್ನು ಆಧರಿಸಿ ಸ್ವೆತ್ಲಾನಾ ಪೆಟ್ರಿಚುಕ್ ಬರೆದು, ಝೆನ್ಯಾ ಬೆರ್ಕೊವಿಚ್ ನಿರ್ದೇಶಿಸಿದ 'ಫಿನಿಸ್ಟ್' ನಾಟಕಕ್ಕೆ 2022ರಲ್ಲಿ ದೇಶದ ಪ್ರತಿಷ್ಠಿತ 'ಚಿನ್ನದ ಮುಖವಾಡ' ಪ್ರಶಸ್ತಿ ಬಂತು. ಮರುವರ್ಷ ಇಬ್ಬರೂ ಬಂಧಿತರಾದರು. ಭಯೋತ್ಪಾದನೆಯನ್ನು ಸಮರ್ಥಿಸಿದ ಆರೋಪದ ಮೇಲೆ 2024ರ ಜುಲೈನಲ್ಲಿ ಸೇನಾ ನ್ಯಾಯಾಲಯವು ತಲಾ 6 ವರ್ಷ ಸೆರೆವಾಸ ವಿಧಿಸಿತು. ಹೆಣ್ಣುಮಕ್ಕಳು ಇಂಥ ಬಲೆಗೆ ಬೀಳುವುದು ಹೇಗೆಂದು ಎಚ್ಚರಿಸಲು ಬರೆದ ನಾಟಕವನ್ನೇ ಅಪರಾಧವೆಂದು ಓದಿದ್ದು ಘೋರ ಅನ್ಯಾಯ.

2022ರಲ್ಲಿ ಉಕ್ರೇನ್ ಮೇಲೆ ರಷ್ಯಾದ ಯುದ್ಧ ಆರಂಭವಾದ ಬಳಿಕ ಅನೇಕ ನಾಟಕಕಾರರು ದೇಶ ಬಿಟ್ಟಿದ್ದಾರೆ. ಹೊಸ ನಾಟಕಗಳ ವಾಚನಕ್ಕೆ ಹೆಸರಾದ 'ಲ್ಯುಬಿಮೊವ್ಕಾ' ಉತ್ಸವದ ಬಳಗದವರು ಯುದ್ಧವಿರೋಧಿ ನಾಟಕಗಳನ್ನು ಈಗ ಹೊರದೇಶಗಳ ಊರುಗಳಲ್ಲಿ ಓದಿಸುತ್ತಿದ್ದಾರೆ.